ನನ್ನ ದವಡೆಗೆ ಅಪ್ಪನ ಡ್ರಿಲ್

ನಮ್ಮ ಮನೆ, ಕಿಟಕಿ ಪಕ್ಕದ ಮೇಜು
ಅಕ್ಟೋಬರ್ ಹನ್ನೆರಡು, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಅವಳಿಗಳು ಸರದಿ ಹಾಕಿಕೊಂಡು ಅಳುತ್ತವೆ, ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಕಣ್ಣು ಬಿಡುತ್ತದೆ ಎಂದು ಭಾವ ಹೇಳಿದರು. ನೀನು ಎರಡನ್ನೂ ಎರಡು ತೋಳಿಗೆ ಹಾಕಿಕೊಂಡು ನಿಂತುಕೊಂಡೇ ತೂಗುತ್ತೀಯಂತೆ. ಕೂತು ತೂಗಮ್ಮ, ಮಕ್ಕಳಿಗೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಕ್ಕನ ಹೊಲಿಗೆ ಒಣಗಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಾಳೆಯೇ, ಇಲ್ಲ ಮಕ್ಕಳ ಹೆಸರು ಹೇಳಿ ಹಸಿದುಕೊಂಡಿರುತ್ತಾಳೆಯೇ? ಕೆಲಸದ ಮೇಲೆ ಈ ಕಡೆ ಬಂದಿದ್ದ ಭಾವ ಸಂಜೆ ಹೊರಡುತ್ತಿದ್ದಾರೆ, ಅವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಫೋನಿದ್ದೂ ಪತ್ರವೇಕೆ ಎನ್ನಬೇಡ. ನನ್ನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ವಿಡಿಯೊ ಕಾಲ್ ಮಾಡಿದಾಗೆಲ್ಲ ನಾನು ಸುಮ್ಮನೆ ಕೈಬೀಸುತ್ತೇನೆ, ಅಪ್ಪ ಹಿಂದೆ ನಿಂತು "ಎಲ್ಲಾ ಕಂಟ್ರೋಲಲ್ಲಿದೆ" ಎನ್ನುತ್ತಾರೆ, ಅಲ್ಲಿಗೆ ಕಾಲ್ ಮುಗಿಯುತ್ತದೆ. ಅವರ ಕಂಟ್ರೋಲಿನಲ್ಲಿ ಏನೇನು ನಡೆಯಿತು ಎಂಬುದು ನಿನಗೆ ತಿಳಿಯಲೇಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಕೋಟೆ ಅಂಟಿಸುವ ಮುಂಚೆ ತಾವು ಓದಬೇಕು ಎಂದು ಅಪ್ಪ ಷರತ್ತು ಹಾಕಿದ್ದಾರೆ. ಈಗಲೂ ನನ್ನ ಹೆಗಲ ಮೇಲೆ ಬಗ್ಗಿ ನಿಂತಿದ್ದಾರೆ, ಅವರ ಉಸಿರಿಗೆ ಕಾಗದ ಅಲ್ಲಾಡುತ್ತಿದೆ. ಸತ್ಯ ಬರೆಯಲು ಅಡ್ಡಿಯಿಲ್ಲವಂತೆ, ಆದರೆ ಗಾಬರಿಯಾಗುವಂಥದ್ದು ಬರೆಯಬಾರದಂತೆ. "ನೀನು ಬರೋದು ಬೇಡ ಅಂತ ಮೊದ್ಲು ಹಾಕು" ಎಂದರು. ಹಾಕಿದ್ದೇನೆ. ನೀನು ಬರುವುದು ಬೇಡ.

ನನ್ನ ಆಪರೇಷನ್ ಮುಂದಕ್ಕೆ ಹೋದದ್ದು ಡಾಕ್ಟರಮ್ಮ ರಜೆ ಹಾಕಿದ್ದರಿಂದ ಎಂದು ಅಪ್ಪ ನಿನಗೆ ಹೇಳಿದರಲ್ಲ, ಅದು ಹಸಿ ಸುಳ್ಳು. (ಅಪ್ಪ ಕೆಮ್ಮಿದರು.) ನನ್ನ ಅವಸ್ಥೆ ನಿನಗೆ ಗೊತ್ತಿರುವುದೇ. ಕೆಳದವಡೆ ಮುಂದಕ್ಕೆ ಚಾಚಿಕೊಂಡು ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ, ಸೇಬು ಕಚ್ಚಬೇಕಾದರೆ ಪಕ್ಕದ ಹಲ್ಲುಗಳ ಕಾಲಿಗೆ ಬೀಳಬೇಕಿತ್ತು. ಮೂಗಿನ ಒಳಗೋಡೆ ಒಂದು ಕಡೆಗೆ ವಾಲಿಕೊಂಡು, ನಾನು ಗೊರಕೆ ಹೊಡೆದರೆ ಪಕ್ಕದ ಮನೆಯ ಟೈಲರ್ ಮಾಮ ಗೋಡೆ ಬಡಿಯುತ್ತಿದ್ದರು. ಎರಡನ್ನೂ ಒಂದೇ ಸಲಕ್ಕೆ ಸರಿಮಾಡೋಣ ಎಂದ ಡಾಕ್ಟರಮ್ಮ, ನೀನು ಅಕ್ಕನ ಮನೆಗೆ ಹೊರಟ ವಾರವೇ ನಮ್ಮನ್ನು ಕೂರಿಸಿಕೊಂಡು ವಿವರವಾಗಿ ಹೇಳಿದರು. ದವಡೆ ಕೊಯ್ದು ಕೂರಿಸಿದ ಮೇಲೆ ವಾರಗಟ್ಟಲೆ ಅಗಿಯುವ ಹಾಗಿಲ್ಲ, ಕುಡಿಯುವಂಥದ್ದೇ ಆಹಾರ, ಎಲ್ಲರಿಗೂ ತೂಕ ಇಳಿಯುತ್ತದೆ, ಆದ್ದರಿಂದ ಅಲ್ಲಿಯವರೆಗೆ ಚೆನ್ನಾಗಿ ತಿಂದು ಮೈಕೈ ತುಂಬಿಕೊಂಡು ಬಾ ಎಂದರು. ಅಪ್ಪ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸಿಕೊಂಡು ಮನೆಗೆ ಬಂದವರು ಗೋಡೆಯ ಮೊಳೆಗೆ ನೇತುಹಾಕಿದ್ದ ತಮ್ಮ ಹಳೇ ವಿಸಿಲ್ ತೆಗೆದು ಕೊರಳಿಗೆ ಹಾಕಿಕೊಂಡರು.

ಆ ವಿಸಿಲ್ ಕೊರಳಿಗೆ ಬಂತೆಂದರೆ ಏನರ್ಥ ಎಂದು ನಿನಗೆ ನಾನು ಹೇಳಬೇಕೇ? ಆಯುಷ್ಯವೆಲ್ಲ ಅಗ್ನಿಶಾಮಕ ಠಾಣೆಯಲ್ಲಿ ಹೊಸ ಹುಡುಗರಿಗೆ ಡ್ರಿಲ್ ಕೊಟ್ಟವರು. ಅಕ್ಕ ಹುಟ್ಟುವ ಮುಂಚೆ ತುಂಬಿದ ಬಸುರಿ ನಿನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು, ಯಾವ ರಸ್ತೆ ಹತ್ತಿರ ಎಂದು ನೋಡಲು ಆಸ್ಪತ್ರೆಗೆ ಸುಮ್ಮನೆ ಹೋಗಿ ಬರುತ್ತಿದ್ದ ಮಹಾನುಭಾವರು. "ಅಭ್ಯಾಸ ಇಲ್ದೆ ಫೀಲ್ಡಿಗೆ ಇಳಿಯೋದಾ? ಆಪರೇಷನ್ ಆದ್ಮೇಲೆ ನುಂಗಕ್ಕಾಗಲ್ಲ ಅಂತ ಒದ್ದಾಡೋ ಬದ್ಲು ಈಗ್ಲೇ ರೂಢಿ ಮಾಡ್ಕೋ" ಎಂದರು. ಆ ಹೊತ್ತಿನಿಂದ ನಮ್ಮ ಮನೆಯಲ್ಲಿ ಹಲ್ಲಿಗೆ ಕೆಲಸ ನಿಂತಿತು. ತಲೆಯಿಂದ ಗಲ್ಲದವರೆಗೆ ಸುತ್ತಿ ಬ್ಯಾಂಡೇಜ್ ಬಟ್ಟೆ ಕಟ್ಟಿದರು, ಮೂಗಿನ ಹೊಳ್ಳೆಗೆ ಹತ್ತಿ ಇಟ್ಟರು. ವಿಸಿಲ್ ಊದಿದರೆ ಊಟ, ಎಂದರೆ ಒಂದು ಲೋಟ ತಿಳಿ ಸೂಪು. ಇದ್ದಕ್ಕಿದ್ದ ಹಾಗೆ ಬಚ್ಚಲ ಬಾಗಿಲಿನಿಂದ "ವಾಂತಿ!" ಎಂದು ಕೂಗುತ್ತಿದ್ದರು. ನಾನು ಎಲ್ಲಿದ್ದರೂ ಎದ್ದು, ಮೊಳೆಗೆ ನೇತುಹಾಕಿದ ಕತ್ತರಿ ಕಿತ್ತುಕೊಂಡು, ಬೇಸಿನ್ ಹತ್ತಿರ ಓಡಿ, ಬ್ಯಾಂಡೇಜ್ ಕತ್ತರಿಸಿದ ಹಾಗೆ ಮಾಡಬೇಕು. ನಿಜವಾಗಿ ವಾಂತಿ ಬಂದರೆ ರಬ್ಬರ್ ಬ್ಯಾಂಡ್ ಕತ್ತರಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದು ಹೌದು. ಆದರೆ ಸ್ನಾನಕ್ಕೆ ಹೋದವಳನ್ನೂ ಓಡಿಸಿ ಎಂದು ಅವರೇನೂ ಹೇಳಿರಲಿಲ್ಲ.

ಬಸ್ ನಿಲ್ದಾಣಕ್ಕೂ ಬ್ಯಾಂಡೇಜ್ ಕಟ್ಟಿಕೊಂಡೇ ಹೋದೆ. ನನ್ನ ಕೆಲಸವೋ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಎಂದು ಕೂಗುವುದು. ಕಟ್ಟಿದ ಬಾಯಿಯಿಂದ, ಮುಚ್ಚಿದ ಮೂಗಿನಿಂದ ದಿನವಿಡೀ ಕೂಗಿದೆ. ಯಾವ ಪ್ರಯಾಣಿಕನಾದರೂ ದೂರು ಕೊಟ್ಟಾನು, ಕಂಟ್ರೋಲರ್ ಸಾಹೇಬರು ಬೈದು ಮನೆಗೆ ಕಳಿಸಿಯಾರು ಎಂದು ಕಾದೆ. ಸಂಜೆ ಅವರೇ ಬಂದು "ಏನಮ್ಮಾ, ಇವತ್ತು ಸ್ಪೀಕರ್ ರಿಪೇರಿ ಮಾಡಿಸಿದ್ರಾ? ಚೆನ್ನಾಗಿ ಕೇಳಿಸ್ತಿತ್ತು" ಎಂದು ಹೊಗಳಿ ಹೋದರು. ಇಷ್ಟು ವರ್ಷ ನಾನು ಕೂಗಿದ್ದೆಲ್ಲ ಏನಾಗಿತ್ತೋ ದೇವರೇ ಬಲ್ಲ.

ನಾನೇಕೆ ಒಪ್ಪಿಕೊಂಡೆ ಎಂದು ನೀನು ಕೇಳುತ್ತೀಯ. ನನಗೆ ಭಯವಾಗಿತ್ತು ಅಮ್ಮಾ. ಮೂಳೆ ಕೊಯ್ದು, ಸರಿಸಿ, ಸಣ್ಣ ಸಣ್ಣ ತಿರುಪು ಹಾಕಿ ಕೂರಿಸುತ್ತಾರೆ ಎಂದು ಕೇಳಿದಾಗಿನಿಂದ ರಾತ್ರಿಯೆಲ್ಲ ದವಡೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನೀನೂ ಊರಲ್ಲಿರಲಿಲ್ಲ. ಅಪ್ಪ ವಿಸಿಲ್ ಊದುತ್ತ ಓಡಾಡುತ್ತಿದ್ದರೆ, ಬಿಡು, ಇದನ್ನೆಲ್ಲ ನೋಡಿಕೊಳ್ಳುವವರು ಒಬ್ಬರಿದ್ದಾರೆ ಎನ್ನಿಸುತ್ತಿತ್ತು.

ಹೀಗೆ ನಿಷ್ಠೆಯಿಂದ ಡ್ರಿಲ್ ಮುಗಿಸಿ ಆಸ್ಪತ್ರೆಗೆ ಹೋದೆವು. ತೂಕದ ಯಂತ್ರದ ಮೇಲೆ ನಿಂತೆ. ಡಾಕ್ಟರಮ್ಮ ಮುಳ್ಳು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮುಳ್ಳು ನೋಡಿದರು. "ತಿಂದು ಬಾ ಅಂದ್ರೆ ಒಣಗಿಕೊಂಡು ಬಂದಿದ್ದೀಯಲ್ಲಮ್ಮ?" ಎಂದರು. ಅಪ್ಪ ಎದೆ ಸೆಟೆಸಿ ಮುಂದೆ ಬಂದು ಡ್ರಿಲ್ ಪೂರ್ತಿ ವಿವರಿಸಿದರು, ಕತ್ತರಿ ಓಟದ ಸಮೇತ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ, ಆಪರೇಷನ್ ಆದ್ಮೇಲೆ ಇಳೀಬೇಕಾದ ತೂಕನ ಮುಂಚೇನೇ ಇಳಿಸಿಬಿಟ್ರಾ?" ಎಂದರು. "ಹೌದು ಮೇಡಂ, ಮುಂಚಿತವಾಗಿ!" ಎಂದರು ಅಪ್ಪ. ಪಕ್ಕದಲ್ಲಿದ್ದ ನರ್ಸ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಓಡಿದಳು. ಈ ಮೈಗೆ ಕತ್ತಿ ಹಾಕುವುದಿಲ್ಲ, ಕಳೆದದ್ದನ್ನು ತುಂಬಿಕೊಂಡು ಬನ್ನಿ ಎಂದು ಆಪರೇಷನ್ ಮುಂದಕ್ಕೆ ಹಾಕಿದರು. ಗೇಟು ದಾಟಿದ ಕೂಡಲೇ ಅಪ್ಪ ವಿಸಿಲ್ ತೆಗೆದು ಜೇಬಿಗಿಟ್ಟರು. ಆಮೇಲೆ "ನಿಮ್ಮಮ್ಮಂಗೆ ಡಾಕ್ಟರು ರಜ ಅಂತ ಹೇಳೋಣ" ಎಂದರು. (ಈ ಸಾಲನ್ನು ಹೊಡೆದುಹಾಕು ಎನ್ನುತ್ತಿದ್ದಾರೆ. ಹೊಡೆದುಹಾಕುವುದಿಲ್ಲ.)

ಅಲ್ಲಿಂದ ಡ್ರಿಲ್ ತಿರುಗುಮುರುಗಾಯಿತು. ಬೆಳಗಾದರೆ ಮೊಟ್ಟೆ, ಹತ್ತು ಗಂಟೆಗೆ ಬಾಳೆಹಣ್ಣು, ಮಧ್ಯಾಹ್ನ ಬೆಣ್ಣೆ ಹಾಕಿದ ಅನ್ನ, ಸಂಜೆಗೆ ಕಡಲೆಬೀಜ, ಮಲಗುವ ಮುಂಚೆ ಕೆನೆ ತೆಗೆಯದ ಹಾಲು. ನಾನು ಸಾಕಪ್ಪಾ ಎಂದರೆ ವಿಸಿಲ್. ಕೆನ್ನೆಗೆ ಬಣ್ಣ ಬಂತು, ರವಿಕೆಯ ತೋಳು ಬಿಗಿಯಾಗಿ ಟೈಲರ್ ಮಾಮ ಹೊಲಿಗೆ ಬಿಚ್ಚಿಕೊಟ್ಟರು. ಡಾಕ್ಟರಮ್ಮ ಸೈ ಎಂದರು.

ಆಪರೇಷನ್ ದಿನ ಅಪ್ಪ ವಾರ್ಡಿಗೆ ಕಾಲಿಟ್ಟವರೇ ನನ್ನ ಮಂಚ ನೋಡುವ ಬದಲು ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ತುರ್ತು ಬಾಗಿಲು ಎಲ್ಲಿದೆ ಎಂದು ತನಿಖೆಗೆ ಹೊರಟರು. ವಾರ್ಡ್ ಬಾಯ್‌ಗಳನ್ನು ಸಾಲಾಗಿ ನಿಲ್ಲಿಸಿ ಪಾಠ ಶುರುಮಾಡುವುದರೊಳಗೆ ಯಾರೋ ಅವರಿಗೆ ಕಾಫಿ ಕೊಟ್ಟು ಕೂರಿಸಿದರು. ನನಗೆ ಎಚ್ಚರವಾದಾಗ ಮುಖ ಕುಂಬಳಕಾಯಿಯಷ್ಟಾಗಿತ್ತು, ಕಣ್ಣು ಎರಡು ಗೀರು, ಮೂಗಿನೊಳಗೆ ಏನೇನೋ ತುರುಕಿದ್ದರು. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. "ಚೆನ್ನಾಗಿದೀಯ" ಎಂದರು. ಆಮೇಲೆ ಸಿಲಿಂಡರ್ ಇನ್ನೊಂದು ಸಲ ನೋಡಬೇಕು ಎಂದು ಹೊರಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡು ಬಂದಿದ್ದರು.

ಈಗ ಊಟದ ವಿಷಯ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು: ವಾರಕ್ಕೊಮ್ಮೆ ತೂಕ ನೋಡುತ್ತೇನೆ, ತೀರಾ ಇಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಿಕೊಂಡು ಹೊಟ್ಟೆಗೆ ಆಹಾರ ಬಿಡುವ ನಳಿಕೆ ಹಾಕುತ್ತೇನೆ. ಆ ಮಾತಿಗೆ ನನಗಿಂತ ಅಪ್ಪ ಹೆಚ್ಚು ಬಿಳಿಚಿಕೊಂಡರು. ಅಂದಿನಿಂದ ಅಡುಗೆಮನೆ ಅವರದು. ನಿನ್ನ ಮಿಕ್ಸಿ ಸ್ವಲ್ಪ ಸುಟ್ಟ ವಾಸನೆ ಹೊಡೆಯುತ್ತಿದೆಯಂತೆ, ನನಗೆ ವಾಸನೆ ತಿಳಿಯದಿರುವುದರಿಂದ ನಾನು ಸಾಕ್ಷಿಯಲ್ಲ. ಮೊದಮೊದಲು ಅನ್ನ, ಮೀನು, ಬೀಟ್‌ರೂಟ್, ಬಾಳೆಹಣ್ಣು ಎಲ್ಲವನ್ನೂ ಒಟ್ಟಿಗೆ ಹಾಕಿ ತಿರುಗಿಸಿದರು. "ಹೊಟ್ಟೇಲಿ ಎಲ್ಲಾ ಒಂದಾಗೋದೇ ತಾನೆ?" ಎಂಬುದು ಅವರ ವಾದ. ಸಿಮೆಂಟು ಕಲಸಿದ ಬಣ್ಣಕ್ಕಿತ್ತು, ಕಣ್ಣು ಮುಚ್ಚಿಕೊಂಡು ಕುಡಿದೆ. ಚಮಚ ಬಾಯೊಳಗೆ ಹೋಗುವುದಿಲ್ಲ, ಆದ್ದರಿಂದ ಕೆನ್ನೆಯ ಸಂದಿಯಲ್ಲಿ ಸಣ್ಣ ಕೊಳವೆ ಇಟ್ಟು, ಸೂಜಿಯಿಲ್ಲದ ಸಿರಿಂಜಿನಿಂದ ನಿಧಾನವಾಗಿ ಬಿಡಬೇಕು. ನಿಧಾನ ಎಂಬುದು ಅಪ್ಪನಿಗೆ ಯಾರೂ ಕಲಿಸಿಲ್ಲವಲ್ಲ. ನೀರಿನ ಪೈಪು ಹಿಡಿದ ಹಾಗೆ ಕಾಲು ಅಗಲಿಸಿ ನಿಂತು ಒತ್ತಿದರು. ಟೊಮೆಟೊ ಸೂಪು ನನ್ನ ಬ್ಯಾಂಡೇಜಿಗೆ, ಗೋಡೆಗೆ, ಅವರ ಬಿಳಿ ಬನಿಯನ್ನಿಗೆ ಹಾರಿತು. ಅದೇ ಹೊತ್ತಿಗೆ ನನ್ನನ್ನು ನೋಡಿಕೊಂಡು ಹೋಗಲು ಬಂದ ಟೈಲರ್ ಮಾಮ ಬಾಗಿಲಲ್ಲೇ "ಅಯ್ಯಯ್ಯೋ ರಕ್ತ!" ಎಂದು ಕುಸಿದು ಕೂತರು. ಅವರನ್ನು ಎಬ್ಬಿಸಿ ನೀರು ಚಿಮುಕಿಸುವಷ್ಟರಲ್ಲಿ ನನ್ನ ಸೂಪು ಆರಿಹೋಯಿತು. ನಗು ಬಂದರೆ ಹೊಲಿಗೆ ಎಳೆಯುತ್ತದೆ ಅಮ್ಮಾ, ಅವತ್ತು ನಾನು ಪಟ್ಟ ಪಾಡು ನನಗೇ ಗೊತ್ತು.

ಆದರೆ ಕಲಿತರು, ಅದನ್ನು ಹೇಳಲೇಬೇಕು. ಈಗ ಕುಂಬಳಕಾಯಿ ಸೂಪಿಗೆ ಬೆಣ್ಣೆ ಹಾಕಿ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ. ಹಾಲಿಗೇ ಹಾಲಿನ ಪುಡಿ ಕದಡಿ ಗಟ್ಟಿ ಮಾಡುತ್ತಾರೆ. ಬೇಳೆ ನುಣ್ಣಗೆ ಬೇಯಿಸಿ, ನೀರಿನ ಬದಲು ಕೋಳಿ ಬೇಯಿಸಿದ ರಸದಲ್ಲಿ ತೆಳು ಮಾಡುತ್ತಾರೆ. ಒಂದೇ ಸಲ ಹೊಟ್ಟೆ ತುಂಬ ಕುಡಿಸುವುದಿಲ್ಲ, ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಪ್ರತಿ ಸಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವವರೆಗೆ ಪಕ್ಕದಲ್ಲೇ ನಿಂತಿರುತ್ತಾರೆ. ಬಿಸಿ ಹೆಚ್ಚಾಯಿತೇ ಎಂದು ಸಿರಿಂಜಿನಿಂದ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡುತ್ತಾರೆ, ನೀನು ಅವಳಿಗಳ ಬಾಟಲಿ ನೋಡುವ ಹಾಗೇ. ನಿನ್ನೆ ತೂಕ ನೋಡಿದ ಡಾಕ್ಟರಮ್ಮ "ಪರವಾಗಿಲ್ವೇ, ಇಳಿದೇ ಇಲ್ಲ! ಯಾರು ಅಡುಗೆ?" ಎಂದು ಕೇಳಿದರು. ಅಪ್ಪ ಸೆಲ್ಯೂಟ್ ಹೊಡೆದರು. ನಳಿಕೆಯ ಮಾತು ಅಲ್ಲಿಗೆ ಮುಗಿಯಿತು. ಊತ ಇಳಿಯುತ್ತಿದೆ, ಕನ್ನಡಿಯಲ್ಲಿ ಹೊಸ ಗಲ್ಲ ಕಾಣುತ್ತಿದೆ. ಯಾರದೋ ಗಲ್ಲವನ್ನು ಎರವಲು ತಂದ ಹಾಗಿದೆ, ಆದರೆ ಚೆನ್ನಾಗಿದೆ.

ಹಾಗಾಗಿ ನೀನು ಬರುವುದು ಬೇಡ. (ಎರಡನೇ ಸಲ ಬರೆಸಿದರು.) ಅಕ್ಕನಿಗೆ ನೀನು ಬೇಕು. ಮಕ್ಕಳಿಗೆ ಚಿಕ್ಕಮ್ಮನ ಮುತ್ತು, ರಬ್ಬರ್ ಬ್ಯಾಂಡ್ ಬಿಚ್ಚಿದ ಮೇಲೆ ಬಡ್ಡಿ ಸಮೇತ ಕೊಡುತ್ತೇನೆ. ಅಕ್ಕನಿಗೆ ನನ್ನ ಪ್ರೀತಿ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ, ಮರೆಯಬೇಡ.

ಬಾಯಿಗೆ ಬೀಗ ಬಿದ್ದರೂ ಬಾಯಾಳಿಯೇ ಆಗಿರುವ
ನಿನ್ನ ಚಿಕ್ಕವಳು

ಓದಿದೆ. ಹೆಚ್ಚಿನದು ಉತ್ಪ್ರೇಕ್ಷೆ. ನೀನು ಆರಾಮಾಗಿರು. — ಅಪ್ಪ

ತಾ.ಕ.: ಅಪ್ಪ ಹಾಲು ತರಲು ಕೆಳಗೆ ಇಳಿದಿದ್ದಾರೆ, ಭಾವ ಚಪ್ಪಲಿ ಮೆಟ್ಟುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಬರುವುದು ಬೇಡ ಎಂದು ಬರೆದದ್ದನ್ನು ನಂಬಬೇಡ. ನಿನ್ನೆ ನನ್ನ ತೂಕ ನೋಡಿದ ಮೇಲೆ ತಮಾಷೆಗೆ ಅಪ್ಪನನ್ನೂ ಯಂತ್ರದ ಮೇಲೆ ಹತ್ತಿಸಿದೆ. ಮುಳ್ಳು ನೋಡಿದ ನರ್ಸ್ ಅವರನ್ನು ಇಳಿಸಿ ಇನ್ನೊಂದು ಸಲ ಹತ್ತಿಸಿದಳು. ನನ್ನಲ್ಲಿ ಇಳಿಯದ ತೂಕವೆಲ್ಲ ಅವರಲ್ಲಿ ಇಳಿದಿದೆ ಅಮ್ಮಾ. ವಿಡಿಯೊದಲ್ಲಿ ನಿನಗೆ ಕಾಣದ ಹಾಗೆ ನನ್ನ ಹಿಂದೆ ನಿಲ್ಲುತ್ತಿದ್ದದ್ದು ಅದಕ್ಕೇ. ನಾನು ಮಲಗಿದ ಮೇಲೆ ಉಣ್ಣುತ್ತಾರೆ ಎಂದುಕೊಂಡಿದ್ದೆ. ನನ್ನ ಬಾಯಿ ಮುಚ್ಚಿದ ದಿನದಿಂದ ಅವರೂ ಏನನ್ನೂ ಅಗಿದಿಲ್ಲ. ಬೆಣ್ಣೆ, ಕೆನೆ ಎಲ್ಲ ನನ್ನ ಲೋಟಕ್ಕೆ, ಅವರಿಗೆ ಬರೀ ತಿಳಿ ಸೂಪು. ಯಾಕಪ್ಪಾ ಎಂದು ಕಾಗದದಲ್ಲಿ ಬರೆದು ತೋರಿಸಿದರೆ, "ನನ್ನ ಹುಡುಗ್ರು ಬೆಂಕಿ ಒಳಗಿದ್ದಾಗ ನಾನ್ಯಾವತ್ತಾದ್ರೂ ಹೊರಗೆ ಕೂತು ಉಂಡಿದ್ದೀನಾ? ನೀನು ಅಗಿಯೋ ದಿನ ನಾನೂ ಅಗೀತೀನಿ, ಸುಮ್ನಿರು" ಎಂದರು. ಹೆಚ್ಚು ಬರೆದರೆ ಕನ್ನಡಕ ತೆಗೆದಿಟ್ಟುಬಿಡುತ್ತಾರೆ. ಬಾಯಿಬಿಟ್ಟು ಬೈಯುವವರು ಬೇಕು, ನನ್ನಿಂದ ಆಗುವುದಿಲ್ಲ. ಭಾವನಿಗೂ ಬರೆದು ತೋರಿಸಿದ್ದೇನೆ, ಎರಡು ದಿನ ಅವರು ರಜೆ ಹಾಕಿ ಮಕ್ಕಳನ್ನು ನೋಡಿಕೊಳ್ಳುತ್ತಾರಂತೆ. ನನಗೆ ಅಳು ಬರುತ್ತಿದೆ, ಆದರೆ ಮೂಗು ಸೀಟುವ ಹಾಗಿಲ್ಲ ಎಂದು ಡಾಕ್ಟರಮ್ಮನ ಕಟ್ಟಪ್ಪಣೆ, ಆದ್ದರಿಂದ ಅಳುವ ಹಾಗೂ ಇಲ್ಲ. ಬಾ ಅಮ್ಮಾ, ನನಗೋಸ್ಕರ ಅಲ್ಲ. ಬಂದು ಅವರ ಎದುರಿಗೆ ಕೂತು, ಅವರು ಅಗಿದು ನುಂಗುವವರೆಗೆ ಏಳಬೇಡ.