ಮೀನಿಗೆ ಹೋದದ್ದು

ಜೂನ್ ೧೮, ಬುಧವಾರ. ಅಂಕೋಲಾ.

ಸುಸ್ತಾಗಿದೆ. ಕುಡಿತ ಬಿಡುವವರ ಸಭೆ ಕಾರವಾರದ ಹಬ್ಬುವಾಡದಲ್ಲಿ ಎಂದು ಫೋನಿನಲ್ಲಿ ಹೇಳಿದ್ದರು. ದಾರಿ ಕೇಳಲು ನಾಚಿಕೆಯಾಗಿ ಅದೇ ಓಣಿಯನ್ನು ಮೂರು ಸಲ ಸುತ್ತಿದೆ. ಕೊನೆಗೆ ಸಿಕ್ಕಿತು. ಎಂಟು ಜನ ಇದ್ದರು. ನಾನು ಹೆಸರಷ್ಟೇ ಹೇಳಿ ಕೂತುಬಿಟ್ಟೆ.

ಚಂಪಾಗೆ ಬೈತಖೋಲ ಬಂದರಿನಿಂದ ಮೀನು ತರುತ್ತೇನೆ ಎಂದು ಸುಳ್ಳು ಹೇಳಿ ಹೋಗಿದ್ದೆ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಟ್ರಾಲರುಗಳೆಲ್ಲ ದಕ್ಕೆಯಲ್ಲೇ ನಿಂತಿವೆ ಎನ್ನುವುದು ವಾಪಸ್ ಬರುವ ಬಸ್ಸಿನಲ್ಲಿ ನೆನಪಾಯಿತು. ಕಡಲದಂಡೆಯ ಬೇಲೆಕೇರಿಯಲ್ಲಿ ಹುಟ್ಟಿ ನನ್ನನ್ನು ಕಟ್ಟಿಕೊಂಡವಳಿಗೆ ಅದು ಗೊತ್ತಿಲ್ಲವೇ? ಗೊತ್ತಿದ್ದೇ ಚೀಲ ಕೊಟ್ಟಿದ್ದಳು.

ಖಾಲಿ ಚೀಲ ನೋಡಿದಳು. ಹತ್ತಿರ ಬಂದು ನನ್ನ ಬಾಯಿ ಮೂಸಿದಳು. ಗಂಜಿ ಬಡಿಸುತ್ತ ಅಂದಳು, "ಬರೋ ಬುಧವಾರಾನೂ ಮೀನಿಗೇ ಹೋಗಿ."