ಕೆಂಪು ಮೆತ್ತೆಯ ಕುರ್ಚಿ

ಟಾಲ್ಬರ್ಟ್ಸ್ ಮಿಲ್, ಅಲಬಾಮಾ
ಆಗಸ್ಟ್ 23, 1964

ಮುದ್ದು ಮಗಳು ಕೋರಿನ್‌ಗೆ ಅಮ್ಮನ ಪ್ರೀತಿಯ ನೆನಪುಗಳು.

ನಿನ್ನ ಕಾಗದ ತಲುಪಿತು. ಡೆಟ್ರಾಯಿಟ್‌ನಲ್ಲಿ ಕೂತು ಕೇಳುವುದು ಸುಲಭ ಮಗಳೇ. ಕರಿಯರಾದ ನಮ್ಮನ್ನು ಎಲ್ಲೂ ಬೇರೆ ಕೂರಿಸಬಾರದೆಂಬ ಹೊಸ ಕಾಯ್ದೆ ನಮ್ಮೂರಿಗೂ ಬಂತೇ, ಅದಕ್ಕಾಗಿ ಹೋದ ವರ್ಷ ವಾಷಿಂಗ್ಟನ್ ಮೆರವಣಿಗೆಗೆ ಹೋಗಿ ಅಪ್ಪನಿಗೆ ಏನು ಸಿಕ್ಕಿತು, ಅವರು ಯಾಕೆ ಬರೆಯುತ್ತಿಲ್ಲ ಎಂದೆಲ್ಲ ಕೇಳಿದ್ದೀಯ. ನಿಮ್ಮಪ್ಪ ಇಲ್ಲೇ ಮಂಚದಲ್ಲಿ ಮಲಗಿದ್ದಾರೆ. ಬರೆದದ್ದನ್ನೆಲ್ಲ ಆಮೇಲೆ ಅವರಿಗೆ ಓದಿ ಹೇಳಬೇಕಂತೆ. ಬೇಡದ ಸಾಲುಗಳನ್ನು ಓದುವಾಗ ನುಂಗಿಬಿಡುತ್ತೇನೆ.

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ, ಗಟ್ಟಿಯಾಗಿ ಕೂತುಕೋ. ನಿಮ್ಮಪ್ಪನಿಗೆ ಎಡಗಾಲಿಲ್ಲ. ಹೋದ ಅಕ್ಟೋಬರಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನೀನಾಗ ತುಂಬು ಬಸುರಿ, ಹಿಂದಿನ ಎರಡು ಕೂಸುಗಳೂ ಉಳಿದಿರಲಿಲ್ಲ. "ಅವಳಿಗೆ ಹೇಳಿದ್ರೆ ನನ್ನಾಣೆ ಕಣೇ ಯೂಲಾ" ಎಂದು ನನ್ನ ಬಾಯಿ ಕಟ್ಟಿಹಾಕಿದರು. ಮಗು ಹುಟ್ಟಿದ ಮೇಲೆ ಹೇಳೋಣವೆಂದರು. ಆಮೇಲೆ ಹಲ್ಲು ಬರಲಿ ಎಂದರು.

ನಿನಗೆ ನೆನಪಿರಬೇಕು. ಶಾಲೆ ಶುರುವಾಗುವ ಮುಂಚೆ ನಿನ್ನನ್ನು ಕಂದು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಕಚಗುಳಿಯಾಗುತ್ತದೆ ಎಂದು ಕುಣಿದು ನೀನು ಗೆರೆ ಕೆಡಿಸುತ್ತಿದ್ದೆ. ನಮ್ಮವರ ಕಾಲು ತಗುಲಿದ ಬೂಟನ್ನು ಬಿಳಿಯರು ಕೊಳ್ಳುವುದಿಲ್ಲವಲ್ಲ, ಅದಕ್ಕೇ ಅಂಗಡಿಗೆ ಆ ಕಾಗದವೇ ಹೋಗಬೇಕಿತ್ತು. ಮೆರವಣಿಗೆಗೆ ಹರಕು ಬೂಟಿನಲ್ಲಿ ಹೋಗಲಾರೆ ಎಂದು ನಿಮ್ಮಪ್ಪ ಹಟ ಹಿಡಿದರು. ಅವರ ಬೂಟೂ ಹಾಗೇ ಬಂತು. ಉದ್ದವೇನೋ ಸರಿಯಿತ್ತು. ಪಾದ ಎಷ್ಟು ದಪ್ಪವೆಂದು ಕಾಗದಕ್ಕೆ ಹೇಗೆ ಗೊತ್ತಾಗಬೇಕು? ಮನೆಗೆ ತಂದಮೇಲೆ ಬಿಗಿಯೆಂದು ವಾಪಸ್ಸು ಕೊಡುವ ಹಾಗೂ ಇರಲಿಲ್ಲ.

ಅದೇ ಬೂಟಿನ ಡಬ್ಬಿಗೆ ಕೋಳಿ ಕರಿದು ತುಂಬಿಸಿ ಕೊಟ್ಟೆ, ದಾರಿಯಲ್ಲಿ ಯಾವ ಹೋಟೆಲಿನವನೂ ನಮ್ಮವರನ್ನು ಒಳಗೆ ಬಿಡುವುದಿಲ್ಲವೆಂದು. ಚರ್ಚಿನವರ ಬಸ್ಸಿನಲ್ಲಿ ಹಾಡುತ್ತ ಹೋದರು. ಎಲ್ಲಿ ನೋಡಿದರೂ ಜನವಂತೆ. ಬಿಸಿಲು ಏರಿದಾಗ ಅಲ್ಲಿನ ಉದ್ದನೆಯ ಕೊಳದ ದಡದಲ್ಲಿ ಕೂತು ಎಲ್ಲರೂ ಕಾಲು ಇಳಿಬಿಟ್ಟರಂತೆ. ಇವರೂ ಬೂಟು ಕಳಚಿದರು. ಕಾಲುಚೀಲ ರಕ್ತದಿಂದ ಅಂಟಿಕೊಂಡಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದವರಿಗೆ ನೋವೇ ತಿಳಿದಿರಲಿಲ್ಲ. ಹಾಗೇ ನೀರಿಗೆ ಬಿಟ್ಟರು. ಪಕ್ಕದಲ್ಲೊಬ್ಬಳು ಬಿಳಿ ಮುದುಕಿಯೂ ಕಾಲು ಬಿಟ್ಟು ಕೂತಿದ್ದಳಂತೆ. "ಒಂದೇ ನೀರು ಕಣೇ! ಅವಳು ಎದ್ದು ಹೋಗ್ಲಿಲ್ಲ, ನಾನೂ ಏಳ್ಲಿಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು, ಕಾಲು ಕಪ್ಪಗಾಗಿ ನಾರುವ ತನಕ. ಆ ನೀರಿನ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ. ಓದುವಾಗ ಈ ಸಾಲನ್ನೂ ನುಂಗುತ್ತೇನೆ.

ಈ ಜುಲೈನಲ್ಲಿ ಕಾಯ್ದೆ ಆಯಿತು. ಅಷ್ಟು ಜನ ಸೇರದಿದ್ದರೆ ಆಗುತ್ತಿರಲಿಲ್ಲವೆಂದು ಪಾದ್ರಿಗಳು ಹೇಳುತ್ತಾರೆ. ಇರಬಹುದು. ಬಸ್ ನಿಲ್ದಾಣದಲ್ಲಿ "ಬಿಳಿಯರಿಗೆ ಮಾತ್ರ" ಎಂಬ ಹಲಗೆ ತೆಗೆದಿದ್ದಾರೆ. ಗೋಡೆಯ ಮೇಲೆ ಅದರ ಗುರುತು ಹಾಗೇ ಇದೆ, ಜನ ಈಗಲೂ ಅದನ್ನು ನೋಡಿಯೇ ಕೂರುತ್ತಾರೆ. ಕಾಯ್ದೆ ಬಂತು, ಕಾಲು ಹೋಯಿತು. ಇದನ್ನು ಯಾವ ದೇವರ ಮುಂದೆ ಹೇಳಿಕೊಳ್ಳಲಿ ಮಗಳೇ? ಚರ್ಚಿನಲ್ಲಿ ಎಲ್ಲರೂ ಎದ್ದು ಹಾಡುವಾಗ ನನಗೆ ಬಾಯೇ ಬರುವುದಿಲ್ಲ.

ಹೋದ ವಾರ ನಿಮ್ಮಪ್ಪ ಒಂದೇ ಸಮ ಪೀಡಿಸಿದರು. "ಆ ಬೂಟಿನ ಅಂಗಡೀಲಿ ಕೆಂಪು ಮೆತ್ತೆ ಕುರ್ಚಿ ಇದಾವಲ್ಲ, ಹೋಗಿ ಕೂತ್ಕೊಂಡ್ ಬಾ. ನಿನ್ ಕಾಲಿಗೇ ಹಾಕ್ಸಿ ನೋಡು. ನಾನಂತೂ ಹೋಗೋ ಹಾಗಿಲ್ಲ, ಹೋದ್ರೆ ಅರ್ಧ ದುಡ್ಡಿಗೆ ಒಂದೇ ಕೊಡು ಅಂತ ಚೌಕಾಸಿ ಮಾಡ್ಬೇಕಾಗುತ್ತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆದರೂ ಹೋದೆ.

ಅಂಗಡಿಯವನು ನನ್ನನ್ನು 'ನೀನು' ಎನ್ನಲು ಹೆದರಿ, 'ನೀವು' ಎನ್ನಲು ನಾಲಿಗೆ ಏಳದೆ "ಏನು ಬೇಕಾಗಿತ್ತು?" ಎಂದು ಗೋಡೆಯನ್ನು ಕೇಳಿದ. ನಾನು ಚೀಲದಿಂದ ಕಂದು ಕಾಗದ ತೆಗೆದು ಕೊಟ್ಟೆ. ಅಭ್ಯಾಸ ನೋಡು! ಹೊರಡುವಾಗ ನನಗೇ ಅರಿವಿಲ್ಲದೆ ಪಾದದ ಗೆರೆ ಎಳೆದುಕೊಂಡು ಹೋಗಿದ್ದೆ. "ಕಾಗದ ಬೇಕಾಗಿಲ್ಲ ಈಗ" ಎಂದ. ಆಮೇಲೆ ಕೆಂಪು ಕುರ್ಚಿಯಲ್ಲಿ ಕೂತು ಎರಡೂ ಬೂಟು ಹಾಕಿ ನೋಡಿದೆ. ಮೆತ್ತೆ ಮೆತ್ತಗಿತ್ತು. ಕಪ್ಪು ಬಣ್ಣದ್ದನ್ನು ಆರಿಸಿದೆ, ಚರ್ಚಿಗೆ ಒಪ್ಪುತ್ತದೆಂದು. ಇದನ್ನೆಲ್ಲ ಕೇಳಿ ನಿಮ್ಮಪ್ಪ ಕಣ್ಣು ಮುಚ್ಚಿ "ಸಾಕು ಕಣೇ, ಸುಮ್ನೆ ಹೋಗ್ಲಿಲ್ಲ ಕಾಲು" ಎಂದರು. ಈಗಲೂ ಮಂಚದಿಂದ "ಕುರ್ಚಿ ವಿಷ್ಯ ಬರೆದ್ಯಾ?" ಎಂದು ಕೇಳುತ್ತಿದ್ದಾರೆ. ಬರೆದೆ ಎಂದೆ.

ಮಗುವಿಗೆ ಅಜ್ಜ ಅಜ್ಜಿಯ ಮುತ್ತು.

ನಿನ್ನ ಅಮ್ಮ,
ಯೂಲಾ

ಮರೆತ ಮಾತು: ಇದನ್ನು ಹೊರಗೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅವರಿಗೆ ಓದಿ ಹೇಳುವುದಿಲ್ಲ. ಅಂಗಡಿಯಲ್ಲಿ ಕುರ್ಚಿ ಇರಲಿಲ್ಲ ಕೋರಿನ್. ನಮ್ಮವರು ಬಂದು ಕೂರುತ್ತಾರೆಂದು ಕಾಯ್ದೆ ಬಂದ ಕೂಡಲೇ ಎಲ್ಲವನ್ನೂ ತೆಗೆಸಿದ್ದಾನೆ. ಬಿಳಿ ಹೆಂಗಸರೂ ಗಲ್ಲಾಪೆಟ್ಟಿಗೆಯ ಮೇಜು ಹಿಡಿದು ಒಂಟಿ ಕಾಲಲ್ಲಿ ನಿಂತು ಹಾಕಿ ನೋಡುತ್ತಿದ್ದರು. ನಾನು ನೆಲದ ಮೇಲೆ ಕೂತೆ. ಯಾರೂ ತಡೆಯಲಿಲ್ಲ, ಅಷ್ಟು ಮಾತ್ರ ನಿಜ. ಅಪ್ಪನ ಬಲಗಾಲೂ ಕಪ್ಪಗಾಗುತ್ತಿದೆ, ಇನ್ನು ಕತ್ತರಿಸಿ ಪ್ರಯೋಜನವಿಲ್ಲವೆಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದಾರೆ. ಸಾವಿನ ಮನೆಯವರು ಚರ್ಚಿಗೆ ಕಪ್ಪನ್ನೇ ತೊಡಬೇಕಲ್ಲ, ಆ ಕಪ್ಪು ಬೂಟು ಯಾತಕ್ಕೆಂದು ನಿನಗೆ ತಿಳಿಯಿತಲ್ಲ. ರೈಲಿನಲ್ಲಿ ಕರಿಯರಿಗೆಂದೇ ಇಟ್ಟ ಡಬ್ಬಿಯಲ್ಲಿ ಕೂತು ಈ ಊರಿಗೆ ಬರಲಾರೆ ಎಂದು ನೀನು ಹೇಳಿದ್ದೆ. ಈಗ ಯಾವ ಡಬ್ಬಿಯಲ್ಲಾದರೂ ಕೂತು ಬರಬಹುದು, ಬೇಗ ಬಾ. ಬಂದ ಕೂಡಲೇ ಅಪ್ಪ ಕೇಳುತ್ತಾರೆ. ನೀನೂ ಅಂಗಡಿಗೆ ಹೋಗಿ ಕೂತು ಬಂದೆನೆಂದು ಹೇಳು. ಮೆತ್ತೆ ಕೆಂಪು, ಮರೆಯಬೇಡ.