ಒಂದೂ ಮುದ್ರೆ ತಪ್ಪದ ಕಾರ್ಡು

ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದಿದ್ದಕ್ಕೆ ಬೇಕಾದಷ್ಟು ಬೈದುಕೋ, ಬೈಸಿಕೊಂಡು ನನಗೆ ರೂಢಿಯಾಗಿದೆ. ನಾನೂ ಸಣ್ಣವನೂ ಇದ್ದೇವೆ. ಅವನಪ್ಪನ ಸುದ್ದಿ ಕೇಳಬೇಡ, ನನಗೂ ಗೊತ್ತಿಲ್ಲ.

ಲಾಂಡ್ರಿಯಲ್ಲಿ ಈಗಲೂ ಆಸ್ಪತ್ರೆಯ ಚಾದರಗಳನ್ನೇ ಒಗೆಯುತ್ತೇನೆ. ಊರಿನ ರೋಗದ ಕೊಳೆಯನ್ನೆಲ್ಲ ತೊಳೆಯುವವಳ ಮಗನಿಗೆ ಒಂದು ಚುಚ್ಚುಮದ್ದು ತಪ್ಪಿತೆಂದು ಅವನ ಹೆಸರಿಗೆ ಬರುತ್ತಿದ್ದ ಸಹಾಯಧನ ನಿಲ್ಲಿಸಿದರು ನೋಡು. ನಾನೇನು ಬೇಕೆಂದು ತಪ್ಪಿಸಿದೆನೇ? ದಡಾರದ ಲಸಿಕೆಯ ದಿನ ಅವನ ಮೈ ಕೆಂಡ. ನರ್ಸಮ್ಮ ಮುಂದಿನ ಗುರುವಾರ ಕರೆದುಕೊಂಡು ಬಾ ಎಂದರು. ಅದೇ ಗುರುವಾರ ಸಹಾಯಧನದ ಕಚೇರಿಯಲ್ಲಿ ಪರಿಶೀಲನೆ, ಬರದಿದ್ದರೆ ಹೆಸರು ತೆಗೆಯುತ್ತೇವೆಂದು ಚೀಟಿ ಬಂತು. ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಸಾಲಿನಲ್ಲಿ ನಿಂತು ಹೆಸರು ಉಳಿಸಿಕೊಂಡೆ, ಚುಚ್ಚುಮದ್ದು ತಪ್ಪಿತು. ಆಮೇಲೆ ಎರಡು ಸಲ ಹೋದರೂ ಲಸಿಕೆ ಖಾಲಿ ಎಂದು ವಾಪಸ್ ಕಳಿಸಿದರು.

ಕಚೇರಿಯ ಗುಮಾಸ್ತನಿಗೆ ಇದನ್ನೆಲ್ಲ ಹೇಳಿದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳಿಸಿಕೊಳ್ಳುತ್ತಿತ್ತು. ನಿನ್ನಂಥ ತಾಯಂದಿರಿಂದಲೇ ಕಾಯಿಲೆ ಹರಡುವುದು ಎಂದು ಸಾಲಿಗೆಲ್ಲ ಕೇಳುವಂತೆ ಅಂದ. ಮೈ ಉರಿದುಹೋಯಿತು. ಆದರೆ ಮಾತು ಬೆಳೆಸಿದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ, ಚೀಲ ಅವನ ಮುಂದಿಟ್ಟೆ.

ನನ್ನ ಪ್ಲಾಸ್ಟಿಕ್ ಚೀಲ ನಿನಗೆ ಗೊತ್ತಲ್ಲ, ಮನೆಯ ಕಾಗದಗಳೆಲ್ಲ ಅದರಲ್ಲೇ. ಅದನ್ನು ಮೇಜಿನ ಮೇಲೆ ಸುರಿದು ಅವನು ದೊಡ್ಡವಳ ಲಸಿಕೆ ಕಾರ್ಡು ಎತ್ತಿಕೊಂಡ. ಹುಟ್ಟಿದಾಗಿನಿಂದ ಒಂದೂ ಮುದ್ರೆ ತಪ್ಪಿಲ್ಲ. ತಪ್ಪುವುದು ಹೇಗೆ? ನಾನು ಕೆಲಸಕ್ಕೆ ಹೋದಾಗಲೆಲ್ಲ ನೀನೇ ಸೊಂಟದ ಮೇಲೆ ಹೊತ್ತುಕೊಂಡು ಹೋಗಿ ಹಾಕಿಸಿದ್ದು.

"ಕಾರ್ಡು ಅಂದ್ರೆ ಹೀಗಿರ್ಬೇಕಮ್ಮ," ಅಂದ. "ಹೇಗೂ ಮನೆಗೊಂದೇ ಮಗು ಲೆಕ್ಕ. ಹುಡುಗನ ಹೆಸರು ತೆಗೆದು ಈ ಹುಡುಗೀದು ಸೇರಿಸ್ತೀನಿ. ಸೈನ್ ಹಾಕು."

ಹಾಕಿದೆ. ಈ ತಿಂಗಳು ಹಣ ಬಂತು, ಸಣ್ಣವನಿಗೆ ಚಪ್ಪಲಿ ತಂದೆ. ಲಸಿಕೆಯೂ ಮೊನ್ನೆ ಬಂತು, ಹಾಕಿಸಿದೆ. ಆದರೆ ಬದಲಾದ ಹೆಸರು ಈ ವರ್ಷ ಮತ್ತೆ ಬದಲಾಗುವುದಿಲ್ಲವಂತೆ.

ಮಂಡಿನೋವೆಂದು ನೀನು ಬರೆದಿದ್ದೆ, ಮೆಟ್ಟಿಲು ಹತ್ತಬೇಡ. ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ತಂಗಿ

ತಾ.ಕ.: ನಮ್ಮ ಹುಡುಗಿ ಹೋಗಿ ಮುಂದಿನ ತಿಂಗಳಿಗೆ ವರ್ಷ ತುಂಬುತ್ತದೆ. ಲಾರಿಗೆ ಅಡ್ಡ ನಿಲ್ಲುವ ಚುಚ್ಚುಮದ್ದನ್ನು ಯಾರೂ ಕಂಡುಹಿಡಿದಿಲ್ಲವಲ್ಲ. ಕಾರ್ಡು ಎಸೆಯಲು ಕೈ ಬರದೆ ಚೀಲದಲ್ಲೇ ಇಟ್ಟಿದ್ದೆ. ನಾನು ಸೈನ್ ಹಾಕಿದ ಕಡೆ, 'ಮಗು ಜೀವಂತವಾಗಿದ್ದು ನನ್ನ ಜೊತೆಯಲ್ಲೇ ವಾಸವಾಗಿದೆ' ಎಂದು ಅಚ್ಚಾಗಿತ್ತು. ಗುಮಾಸ್ತ ಅದನ್ನು ಓದಿ ಹೇಳಿ, ನಿಜ ತಾನೇ ಎಂದು ಕೇಳಿದ. ಹೌದು ಅಂದೆ. ಅನ್ನುವಾಗ ಒಂದು ಗಳಿಗೆ ಸಂತೋಷವಾಯಿತು ಅಕ್ಕ. ಮೂರು ತಿಂಗಳಿಗೊಮ್ಮೆ ಹೋಗಿ ಹಾಗೆ ಹೇಳಬೇಕಂತೆ.